ಅವರ ಸೂಟಿ, ನಮ್ಮ ಪಗಾರ

ಅವರಾತ್ರಿ ಅಮವಾಸ್ಯೆ ಕಳೆದ ಮೇಲಿನ ದಿನಗಳಲ್ಲಿ ರೋಣದ ಪೇಟೆಯಲ್ಲಿಯೋ ನರಗುಂದದ ಪೇಟೆಯಲ್ಲಿಯೋ ಮೊಬೈಲ್ ರಿಪೇರಿಯ ಅಂಗಡಿಗೆ ಹೋದವರಿಗೆ ಒಂದು ಉತ್ತರ ಕೇಳಿಸುವದುಂಟು: "ಮಾಲು ಇಲ್ಲರೀ, ಮ್ಯಾಲೇ ಬಂದ್ ಐತಿ." ಒಡೆದ ಫೋನಿನ ಗಾಜು ಇರಲಿ, ಎಲ್.ಇ.ಡಿ. ದೀಪದ ಒಳಗಿನ ಬಿಡಿಭಾಗ ಇರಲಿ, ನೂಲಿನ ಗಿರಣಿಯ ಯಂತ್ರಕ್ಕೆ ಹಚ್ಚುವ ಎಲೆಕ್ಟ್ರಾನಿಕ್ ಕಾರ್ಡೇ ಇರಲಿ, ಉತ್ತರ ಅದೇ. ಗಿರಾಕಿ ಸುಮ್ಮನೆ ಮರಳುತ್ತಾನೆ. ಮೇಲೆ ಅಂದರೆ ಎಲ್ಲಿ, ಬಂದ್ ಮಾಡಿದವರು ಯಾರು, ಎಷ್ಟು ದಿವಸ, ಯಾತಕ್ಕೆ ಎಂದು ಅವನು ಕೇಳುವದಿಲ್ಲ. ಕೇಳಿದರೂ ಅಂಗಡಿಕಾರನಿಗೆ ಗೊತ್ತಿರುವದಿಲ್ಲ. ಹುಬ್ಬಳ್ಳಿಯ ಠೋಕ ವ್ಯಾಪಾರಿ ಅವನಿಗೆ ಅಷ್ಟೇ ಹೇಳಿರುತ್ತಾನೆ. ಹುಬ್ಬಳ್ಳಿಯವನಿಗೆ ಮುಂಬಯಿಯವನೋ ಬೆಂಗಳೂರಿನವನೋ ಅಷ್ಟೇ ಹೇಳಿರುತ್ತಾನೆ. ಈ "ಮ್ಯಾಲೆ" ಎಂಬ ಏಣಿಯನ್ನು ಹತ್ತುತ್ತ ಹೋದರೆ ಕೊನೆಗೆ ನಾವು ಮುಟ್ಟುವದು ಚೀನ ದೇಶದ ಸಮುದ್ರದ ದಂಡೆಯ ಕಾರಖಾನೆಗಳ ಊರುಗಳನ್ನು. ಅಲ್ಲಿಯ ಕಾಮಗಾರರು ಹಬ್ಬಕ್ಕೆ ಊರಿಗೆ ಹೋಗಿರುತ್ತಾರೆ. ಸಂಗತಿ ಇಷ್ಟೇ.

ಇಷ್ಟು ಸರಳ ಸಂಗತಿ ನಮ್ಮ ಸಣ್ಣ ವ್ಯಾಪಾರಿಯ ಗಲ್ಲೆಯನ್ನೂ, ಬೆಂಗಳೂರು ಕೋಲಾರಗಳ ಎಲೆಕ್ಟ್ರಾನಿಕ್ ಕಾರಖಾನೆಗಳಲ್ಲಿ ದುಡಿಯುವ ನಮ್ಮ ಮಕ್ಕಳ ಪಗಾರವನ್ನೂ ಹೇಗೆ ಮುಟ್ಟುತ್ತದೆ ಎಂಬುದನ್ನು ಈ ವಾರ ಸ್ವಲ್ಪ ಬಿಡಿಸಿ ಬರೆಯಬೇಕೆಂದು ಮಾಡಿದ್ದೇವೆ. ದೊಡ್ಡ ದೊಡ್ಡ ಕಂಪನಿಗಳು ಈ ಪರದೇಶದ ಸೂಟಿಯನ್ನು ಆರು ತಿಂಗಳು ಮೊದಲೇ ಎಣಿಸಿಟ್ಟುಕೊಂಡು ತಮ್ಮ ಉದ್ಯೋಗವನ್ನು ಯೋಜಿಸುತ್ತವೆ. ಆ ಎಣಿಕೆಯಲ್ಲಿ ಚಿಪ್ಪು ಇರುತ್ತದೆ, ಹಡಗು ಇರುತ್ತದೆ, ಬ್ಯಾಂಕಿನ ಬಡ್ಡಿ ಇರುತ್ತದೆ. ನಾವು ನೀವು ಮಾತ್ರ ಇರುವದಿಲ್ಲ. ನಮ್ಮ ತಕರಾರು ಇರುವದು ಅಲ್ಲಿ.

ಮೊದಲು ಹಬ್ಬದ ಲೆಕ್ಕ ನೋಡೋಣ. ಇದಕ್ಕೆ ಇಂಗ್ಲಿಷ್ ಓದಿದ ಮ್ಯಾನೇಜರನೇ ಬೇಕೆಂದಿಲ್ಲ, ಗೋಡೆಗೆ ತೂಗು ಹಾಕಿದ ನಮ್ಮ ಪಂಚಾಂಗ ಸಾಕು. ಚೀನದ ಜನರು ಹೊಸ ವರ್ಷವನ್ನು ನಮ್ಮಂತೆಯೇ ಚಂದ್ರನ ಗತಿಯಿಂದ ಎಣಿಸುತ್ತಾರೆ. ಜನೇವರಿ 21ರಿಂದ ಫೆಬ್ರುವರಿ 20ರ ಆಸುಪಾಸಿನ ನಡುವೆ ಯಾವ ಅಮವಾಸ್ಯೆ ಬೀಳುವದೋ ಅದೇ ಅವರ ಯುಗಾದಿ. 2020ರಲ್ಲಿ ಅದು ಜನೇವರಿ 25, 2023ರಲ್ಲಿ ಜನೇವರಿ 22, 2024ರಲ್ಲಿ ಫೆಬ್ರುವರಿ 10, 2025ರಲ್ಲಿ ಜನೇವರಿ 29. ಈ ತಾರೀಖುಗಳನ್ನು ಪಂಚಾಂಗದೊಡನೆ ಕೂಡಿಸಿ ನೋಡಿರಿ: ಎಲ್ಲವೂ ನಮ್ಮ ಅವರಾತ್ರಿ ಅಮವಾಸ್ಯೆಯ ದಿನ ಇಲ್ಲವೆ ಅದರ ಮರುದಿನ. ನೇಕಾರರ ಭಾಷೆಯಲ್ಲಿ ಹೇಳುವದಾದರೆ, ಬಾದಾಮಿಯ ಬನಶಂಕರಿಯ ತೇರು ಎಳೆದ ಬನದ ಹುಣ್ಣಿವೆಯಿಂದ ಸುಮಾರು ಹದಿನೈದು ದಿನಕ್ಕೆ ಚೀನದ ಕಾರಖಾನೆಗೆ ಬೀಗ. ಅವರಾತ್ರಿ ಅಮವಾಸ್ಯೆ ತೀರ ಬೇಗ ಬಂದ ವರ್ಷ ಮಾತ್ರ ಒಂದು ತಿಂಗಳು ಮುಂದೆ ಹೋಗುತ್ತದೆ. 2026ರಲ್ಲಿ ಹಾಗೇ ಆಯಿತು. ಅವರಾತ್ರಿ ಅಮವಾಸ್ಯೆ ಜನೇವರಿ 18ಕ್ಕೇ ಬಿದ್ದದ್ದರಿಂದ ಅವರ ಹಬ್ಬ ಶಿವರಾತ್ರಿಯ ಬೆನ್ನಿಗೆ, ಫೆಬ್ರುವರಿ 17ಕ್ಕೆ ಹೋಯಿತು. ವಿಯೆಟ್ನಾಮಿನವರಿಗೂ ಕೊರಿಯದವರಿಗೂ ತೈವಾನಿನವರಿಗೂ ಇದೇ ಹಬ್ಬ. ಅಂದರೆ ಒಂದು ಕಡೆ ಬಂದಾದರೆ ಇನ್ನೊಂದು ಕಡೆಯಿಂದ ತರಿಸೋಣ ಎಂಬ ದಾರಿಯೂ ಆ ವಾರ ಅಷ್ಟಕ್ಕಷ್ಟೇ.

ಸರಕಾರಿ ಸೂಟಿ ಹೆಚ್ಚು ದಿನದ್ದಲ್ಲ. 2025ರಲ್ಲಿ ಎಂಟು ದಿನ, 2026ರಲ್ಲಿ ಒಂಬತ್ತು ದಿನ. ಹಾಗಾದರೆ ಮಾಲು ತಿಂಗಳುಗಟ್ಟಲೆ ಯಾಕೆ ನಿಲ್ಲುತ್ತದೆ? ಯಾಕೆಂದರೆ ಕಾರಖಾನೆಯನ್ನು ನಡೆಸುವದು ಸರಕಾರಿ ಗೆಜೆಟ್ಟು ಅಲ್ಲ, ಮನುಷ್ಯರು. ಚೀನದಲ್ಲಿ ಹಳ್ಳಿ ಬಿಟ್ಟು ದುಡಿಯಲು ಹೋದವರ ಸಂಖ್ಯೆ ಸುಮಾರು 30 ಕೋಟಿ. ಅವರಲ್ಲಿ ಎಷ್ಟೋ ಜನರಿಗೆ ವರ್ಷಕ್ಕೊಮ್ಮೆ ತಾಯಿ ತಂದೆಯ ಮುಖ, ಊರಲ್ಲಿ ಬಿಟ್ಟುಬಂದ ಮಕ್ಕಳ ಮುಖ ಕಾಣಲು ಸಿಗುವದು ಈ ಹಬ್ಬದಲ್ಲಿಯೇ. ಹಬ್ಬದ ಹಿಂದೆ ಮುಂದೆ ನಾಲ್ವತ್ತು ದಿನ ಅಲ್ಲಿಯ ರೈಲು ಬಸ್ಸುಗಳ ಗದ್ದಲವನ್ನೇ ಒಂದು ಋತುಮಾನವೆಂದು ಎಣಿಸುತ್ತಾರೆ. ದೂರದೂರಿನವರು ಒಂದು ವಾರ ಮೊದಲೇ ಹೊರಡುತ್ತಾರೆ, ಒಂದು ವಾರ ತಡವಾಗಿ ಬರುತ್ತಾರೆ. ಕೆಲವರು ಬರುವದೇ ಇಲ್ಲ, ಬೇರೆ ಕಾರಖಾನೆಯಲ್ಲಿ ಎರಡು ಕಾಸು ಹೆಚ್ಚು ಸಿಕ್ಕರೆ ಅಲ್ಲಿಗೆ ಹೋಗುತ್ತಾರೆ. ಬಾಗಿಲು ತೆರೆದ ಮೊದಲ ವಾರಗಳಲ್ಲಿ ಹಲವು ಕೈಗಳು ಹೊಸವು. ಹೊಸ ಕೈಯ ಮಾಲು ಹೇಗಿರುತ್ತದೆಂಬುದನ್ನು ಗಿರಣಿಯ ಕಾಮಗಾರರಿಗೆ ನಾವು ಹೇಳಬೇಕಾಗಿಲ್ಲ.

ಈ ಸೂಟಿಗಾಗಿ ನಾವು ಚೀನದ ಕಾಮಗಾರನನ್ನು ದೂರುವವರಲ್ಲ. ಪೇಟೆಯಲ್ಲಿ ಕೆಲವರು "ಚೀನದವರು ಮೋಸ ಮಾಡಿದರು" ಎಂದು ಬೈಯುವದನ್ನು ಕೇಳಿದ್ದೇವೆ. ಹಬ್ಬಕ್ಕೆ ಮನೆಗೆ ಹೋಗುವದು ಮೋಸವಲ್ಲ. ಆ ಸೂಟಿಯೂ ಅವನಿಗೆ ಪುಕ್ಕಟೆ ಬಂದದ್ದಲ್ಲ. ಉದ್ದ ಸೂಟಿಯ ಬದಲಿಗೆ ಹಿಂದೆ ಮುಂದೆ ರವಿವಾರ ಶನಿವಾರಗಳಲ್ಲಿ ದುಡಿದು ತೀರಿಸಬೇಕಾಗುತ್ತದೆ. ಹಬ್ಬದ ಮುಂದೆ ಪಗಾರ ಬಾಕಿ ಉಳಿಸಿಕೊಳ್ಳುವ ಧಣಿಗಳ ಕಾಟ ಅಲ್ಲಿ ಎಷ್ಟು ಹಳೆಯದೆಂದರೆ, ವಲಸೆ ಕಾಮಗಾರರ ಪಗಾರ ಸಲ್ಲಿಕೆಗಾಗಿಯೇ ಅಲ್ಲಿಯ ಸರಕಾರ ಬೇರೆ ನಿಯಮಗಳನ್ನು ಮಾಡಿ 2020ರ ಮೇ 1ರಿಂದ ಜಾರಿಗೆ ತರಬೇಕಾಯಿತು. ಗಜೇಂದ್ರಗಡದಿಂದ ಗೋವೆಗೂ ಮಂಗಳೂರಿಗೂ ಗುಳೆ ಹೋದವನ ಸಂಕಟ ಆ ಮನುಷ್ಯನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ದೊಡ್ಡ ಕಂಪನಿಗಳು ಏನು ಮಾಡುತ್ತವೆ ನೋಡೋಣ. ಅವು ಹಿಂದಿನಿಂದ ಎಣಿಸುತ್ತವೆ. ಫೆಬ್ರುವರಿ ಮೊದಲ ವಾರಕ್ಕೆ ಚೀನ ಬಂದ್ ಆಗುವದಿದ್ದರೆ ಜನೇವರಿಯ ಮಧ್ಯಕ್ಕೆ ಮಾಲು ಅಲ್ಲಿಂದ ಹೊರಟಿರಬೇಕು. ಹಡಗು ದಕ್ಷಿಣ ಚೀನದಿಂದ ಮುಂಬಯಿಯ ಹತ್ತಿರದ ನ್ಹಾವಾ ಶೇವಾ ಬಂದರಕ್ಕೆ ಬರಲು ಎರಡು ಮೂರು ವಾರ ಹಿಡಿಯುತ್ತದೆ. ಸುಂಕದ ಕಟ್ಟೆ ದಾಟಲು ಮತ್ತಷ್ಟು ದಿನ. ಹಬ್ಬದ ಮುಂಚೆ ಎಲ್ಲರೂ ಒಮ್ಮೆಲೆ ಮಾಲು ಸಾಗಿಸಲು ನುಗ್ಗುವದರಿಂದ ಹಡಗಿನ ಬಾಡಿಗೆ ಏರುತ್ತದೆ. ಹಬ್ಬದ ಬಳಿಕ ಮಾಲಿಲ್ಲವೆಂದು ಹಡಗಿನ ಕಂಪನಿಗಳು ಕೆಲವು ಸುತ್ತುಗಳನ್ನೇ ರದ್ದು ಮಾಡುತ್ತವೆ. ಆದ್ದರಿಂದ ಜಾಣ ಕಂಪನಿ ದೀಪಾವಳಿಯ ಹೊತ್ತಿಗೇ ಆರ್ಡರು ಕೊಟ್ಟಿರುತ್ತದೆ. ಮೂರು ನಾಲ್ಕು ವಾರ ಸಾಲುವಷ್ಟು ದಾಸ್ತಾನು ಮಾಡಿಟ್ಟುಕೊಳ್ಳುತ್ತದೆ. ತುಟ್ಟಿಯ, ಹಗುರಿನ ಚಿಪ್ಪುಗಳಿಗೆ ವಿಮಾನದಲ್ಲಿ ಜಾಗ ಹಿಡಿದಿಡುತ್ತದೆ. ಮಾಲು ಮಾಡುವವನಿಗೆ ಮೂರು ತಾರೀಖು ಕೇಳುತ್ತದೆ: ಕಡೆಯ ಮಾಲು ಹೊರಡುವ ದಿನ ಯಾವದು, ಬಾಗಿಲು ತೆರೆಯುವ ದಿನ ಯಾವದು, ಪೂರಾ ಕೈಗಳು ಬಂದು ಯಂತ್ರಗಳೆಲ್ಲ ತಿರುಗುವ ದಿನ ಯಾವದು. ಈ ಮೂರೂ ಬೇರೆ ಬೇರೆ. ಎರಡನೆಯದನ್ನೇ ಮೂರನೆಯದೆಂದು ತಿಳಿದವನು ಕೆಡುತ್ತಾನೆ.

ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಒಂದು ಫೋನಿನ ಹಲಗೆಯ ಮೇಲೆ ನೂರಾರು ಸಣ್ಣ ಭಾಗಗಳು ಇರುತ್ತವೆ. ಅವುಗಳಲ್ಲಿ ಎಷ್ಟೋ ಎಳ್ಳಿನ ಕಾಳಿಗಿಂತ ಚಿಕ್ಕವು, ಬೆಲೆಯೂ ಪೈಸೆಯ ಲೆಕ್ಕದ್ದು. ಆದರೆ ಅಂಥ ಒಂದು ಪೈಸೆಯ ಭಾಗ ಇಲ್ಲದಿದ್ದರೆ ಇಪ್ಪತ್ತು ಸಾವಿರದ ಫೋನು ನಿಂತುಬಿಡುತ್ತದೆ. ಗಜೇಂದ್ರಗಡದ ನೇಕಾರರಿಗೆ ಇದು ಚೆನ್ನಾಗಿ ಗೊತ್ತು. ಹಾಸು ಸಿದ್ಧವಿದೆ, ಹಣಿಗೆ ಇದೆ, ಲಾಳಿ ಇದೆ, ಅಂಚಿನ ಬಣ್ಣದ ನೂಲೊಂದು ಬಂದಿಲ್ಲ. ಸೀರೆ ಮುಂದೆ ಹೋಗುವದಿಲ್ಲ. ನೂಲು ಕೊಡುವ ಸಾವಕಾರ "ನಾಳೆ ಬಾ" ಎನ್ನುತ್ತಾನೆ. ಆ ನಾಳೆಯ ಕೂಲಿ ಯಾರ ಖಾತೆಗೆ? ಸಾವಕಾರನ ಖಾತೆಗಂತೂ ಅಲ್ಲ.

2020ರಲ್ಲಿ ಈ ಎಣಿಕೆ ತಲೆಕೆಳಗಾಯಿತು. ಹಬ್ಬಕ್ಕೆ ಎರಡು ದಿನ ಮೊದಲು, ಜನೇವರಿ 23ರಂದು, ರೋಗದ ಭಯದಿಂದ ವುಹಾನ್ ನಗರವನ್ನೇ ಮುಚ್ಚಿದರು. ಚೀನ ಸರಕಾರ ಸೂಟಿಯನ್ನು ಫೆಬ್ರುವರಿ 2ರ ವರೆಗೆ ಬೆಳೆಸಿತು, ಹಲವು ಪ್ರಾಂತಗಳು 9ರ ವರೆಗೆ ಕಾರಖಾನೆ ತೆರೆಯಬೇಡವೆಂದವು. ಎರಡು ವಾರದ ದಾಸ್ತಾನು ಇಟ್ಟವರು ಕೈ ಹಿಸುಕಿಕೊಂಡರು. ದಾಸ್ತಾನೆಂದರೆ ಸತ್ತ ಬಂಡವಾಳ, ಅದಕ್ಕೆ ಬಡ್ಡಿ ತಗಲುತ್ತದೆ, ಬೇಕಾದಾಗ ಬೇಕಾದಷ್ಟೇ ತರಿಸಬೇಕು ಎಂಬ ಶಾಸ್ತ್ರವನ್ನು ಇವರು ಮೂವತ್ತು ನಾಲ್ವತ್ತು ವರ್ಷಗಳಿಂದ ಓದುತ್ತ ಬಂದಿದ್ದಾರೆ. ಶಾಸ್ತ್ರ ಕೈಕೊಟ್ಟಾಗ ಬಡ್ಡಿ ಉಳಿಸಿದವನು ಒಬ್ಬ, ಕೆಲಸ ಕಳೆದುಕೊಂಡವನು ಇನ್ನೊಬ್ಬ. ಮರುವರ್ಷ ಚಿಪ್ಪಿನ ಬರ ಬಂತು. 2021ರ ಸಪ್ಟೆಂಬರದಲ್ಲಿ ಮಾರುತಿ ಕಂಪನಿಯೇ ತನ್ನ ಕಾರಖಾನೆಗಳ ಉತ್ಪಾದನೆ ಎಂದಿನ ನೂರಕ್ಕೆ ನಾಲ್ವತ್ತರಷ್ಟು ಮಾತ್ರ ಆಗಬಹುದೆಂದು ಮುಂಚಿತವಾಗಿ ತಿಳಿಸಿತು. ತಿಳಿಸಿದ್ದು ಯಾರಿಗೆ? ಶೇರು ಪೇಟೆಗೆ. ಕಾಯಿದೆ ಹಾಗಿದೆ, ಶೇರುದಾರನಿಗೆ ಮುಂಚಿತವಾಗಿ ತಿಳಿಸಲೇಬೇಕು. ಗುತ್ತಿಗೆಯ ಕಾಮಗಾರನಿಗೆ ಹಿಂದಿನ ರಾತ್ರಿ ಫೋನಿಗೆ ಒಂದು ಸಂದೇಶ ಬಂದರೆ ಅದೇ ದೊಡ್ಡದು.

ನಮ್ಮ ರಾಜ್ಯದ ಎಲೆಕ್ಟ್ರಾನಿಕ್ ಕಾರಖಾನೆಗಳಲ್ಲಿ ದೊಡ್ಡ ಹೆಸರು ಮಾಡಿದ್ದು ಕೋಲಾರ ಜಿಲ್ಲೆಯ ನರಸಾಪುರ. ಅಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಆಪಲ್ ಫೋನುಗಳನ್ನು ಜೋಡಿಸುತ್ತಿತ್ತು. 2020ರ ಡಿಸೆಂಬರ 12ರ ಬೆಳಿಗ್ಗೆ ಅಲ್ಲಿ ಕಾಮಗಾರರ ಸಿಟ್ಟು ಸ್ಫೋಟಗೊಂಡು ಗಾಜು ಯಂತ್ರಗಳು ಒಡೆದವು. ಒಡೆದದ್ದನ್ನು ನಾವು ಹೊಗಳುವದಿಲ್ಲ. ಆದರೆ ಆಮೇಲೆ ಏನು ಹೊರಬಿತ್ತು? ಕೆಲಸದ ತಾಸುಗಳ ಲೆಕ್ಕ ಇಡುವ ಪದ್ಧತಿ ಸರಿಯಾಗಿರಲಿಲ್ಲ, ಅದರಿಂದ ಅಕ್ಟೋಬರ ನವೆಂಬರ ತಿಂಗಳ ಪಗಾರ ಕೆಲವರಿಗೆ ತಡವಾಯಿತು ಎಂದು ಆಪಲ್ ಕಂಪನಿಯೇ ಹೇಳಿತು, ವಿಸ್ಟ್ರಾನ್ ಕ್ಷಮೆ ಕೇಳಿತು. ಈ ಗಲಾಟೆ ಚೀನದ ಸೂಟಿಯಿಂದ ಆದದ್ದಲ್ಲ, ನಿಜ. ನಾವು ತೋರಿಸಬೇಕೆಂದಿರುವದು ಬೇರೆ. ಸಮುದ್ರದಾಚೆಯಿಂದ ಬರುವ ಎಳ್ಳುಕಾಳಿನಷ್ಟು ಭಾಗ ಯಾವ ತಾರೀಖಿಗೆ ಎಲ್ಲಿದೆ ಎಂದು ಲೆಕ್ಕ ಇಡುವ ಈ ಉದ್ಯೋಗಕ್ಕೆ, ತನ್ನ ಕಂಪೌಂಡಿನೊಳಗೆ ನಿಂತು ದುಡಿದ ಹುಡುಗಿ ನಿನ್ನೆ ಎಷ್ಟು ತಾಸು ದುಡಿದಳೆಂಬ ಲೆಕ್ಕ ಇಡುವದು ಆಗಲಿಲ್ಲ. 2023ರಲ್ಲಿ ಆ ಕಾರಖಾನೆ ಟಾಟಾ ಕಂಪನಿಯ ಕೈಗೆ ಹೋಯಿತು. ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್ ಕಂಪನಿಯ ಇನ್ನೂ ದೊಡ್ಡ ಕಾರಖಾನೆ 2025ರಲ್ಲಿ ಕೆಲಸ ಶುರುಮಾಡಿತು. ಇಂಥ ಕಾರಖಾನೆಗಳ ಸಾಲಿನಲ್ಲಿ ನಿಂತು ದುಡಿಯುವವರಲ್ಲಿ ಬಹಳ ಮಂದಿ ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು.

ಪರದೇಶದ ಸೂಟಿ ಇವರಿಗೆ ತಗಲುವ ಬಗೆ ಹೀಗೆ. ಹಬ್ಬದ ಮುಂಚೆ ಮಾಲು ರಾಶಿ ಬಿದ್ದಿರುತ್ತದೆ, ಆಗ ತಾಸು ನೋಡದೆ ದುಡಿಸುವದು. ಹಬ್ಬದ ಬಳಿಕ ಮಾಲು ಬತ್ತುತ್ತದೆ, ಆಗ ಗುತ್ತಿಗೆದಾರ "ಕರೆದಾಗ ಬರ್ರಿ" ಎನ್ನುವದು. ಮೊದಲನೆಯದಕ್ಕೆ ಕಾಯಿದೆಯ ಬಾಗಿಲು ಅಗಲವಾಗಿದೆ. 2023ರಲ್ಲಿ ನಮ್ಮ ವಿಧಾನಮಂಡಲವೇ ಕಾರಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ತಾಸಿನ ಮಿತಿಯೊಳಗೆ ದಿನಕ್ಕೆ 12 ತಾಸಿನ ವರೆಗೂ ದುಡಿಸಲು ದಾರಿ ಮಾಡಿಕೊಟ್ಟಿತು. ಎರಡನೆಯದಕ್ಕೆ ಕಾಯಿದೆಯ ಬಾಗಿಲು ಬಹಳ ಕಿರಿದು. ಕಚ್ಚಾ ಮಾಲು ಇಲ್ಲದ್ದಕ್ಕೆ ಕೆಲಸ ನಿಲ್ಲಿಸಿದರೆ ಮೂಲ ಪಗಾರ ಮತ್ತು ತುಟ್ಟಿಭತ್ಯದ ಅರ್ಧವನ್ನು ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯಿದೆಯಲ್ಲಿ ಇತ್ತು. 2025ರ ನವೆಂಬರ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಅದು ಉಳಿದಿದೆ. ಆದರೆ ಯಾರಿಗೆ? ಐವತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಕಾರಖಾನೆಯಲ್ಲಿ, ವರ್ಷ ಪೂರಾ ಕೆಲಸ ಮಾಡಿ ಹಾಜರಿ ಪಟ್ಟಿಯಲ್ಲಿ ಹೆಸರು ಇದ್ದವರಿಗೆ. ಬದಲಿಯವನಿಗೆ ಇಲ್ಲ, ಹಂಗಾಮಿಯವನಿಗೆ ಇಲ್ಲ. ಗುತ್ತಿಗೆದಾರನ ಪಟ್ಟಿಯಲ್ಲಿ ಆರು ತಿಂಗಳಿಗೊಮ್ಮೆ ಹೆಸರು ಅಳಿಸಿ ಬರೆಯಿಸಿಕೊಳ್ಳುವ ಹುಡುಗಿಗೆ ವರ್ಷ ಎಂದೂ ಪೂರಾ ಆಗುವದಿಲ್ಲ. ಗಿರಣಿಯಲ್ಲಿ ಬದಲಿ ಕಾರ್ಡು ಹಿಡಿದು ಬಾಗಿಲಲ್ಲಿ ನಿಂತು ವಯಸ್ಸು ಕಳೆದವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಿದರೆ ಉಳಿದದ್ದನ್ನು ಹೇಳಿಯಾರು.

ವ್ಯಾಪಾರಿಗಳ ಮಾತಿಗೆ ಬರೋಣ. ನಮ್ಮ ಎರೆ ಸೀಮೆಯಲ್ಲಿ ಕೈಯಲ್ಲಿ ರೊಕ್ಕ ಆಡುವದು ಯಾವಾಗ? ಕಡಲೆ, ಬಿಳಿಜೋಳ ಕೈಗೆ ಬಂದ ಮೇಲೆ. ಅಂದರೆ ಫೆಬ್ರುವರಿ ಮಾರ್ಚಿನಲ್ಲಿ. ಆಮೇಲೆ ಲಗ್ನಸರಾಯಿ, ಬೇಸಗೆ. ಫೋನು, ಫ್ಯಾನು, ಕೂಲರು, ಲಗ್ನದ ಮನೆಯ ದೀಪದ ಸರ ಕೊಳ್ಳಲು ಜನ ಪೇಟೆಗೆ ಬರುವ ಕಾಲ ಅದೇ, ಮಾಲು ಬತ್ತುವ ಕಾಲವೂ ಅದೇ. ಇನ್ನೊಂದು ಪೆಟ್ಟು ಅಕ್ಟೋಬರದಲ್ಲಿ. ಅಕ್ಟೋಬರ 1 ಚೀನದ ರಾಷ್ಟ್ರೀಯ ದಿನ, ಅದಕ್ಕೆ ಒಂದು ವಾರದ ಸೂಟಿ. 2025ರಲ್ಲಿ ಅವರ ಹುಣ್ಣಿವೆಯ ಹಬ್ಬವೂ ಅಕ್ಟೋಬರ 6ಕ್ಕೆ ಕೂಡಿ ಬಂದು ಎಂಟು ದಿನ ಆಯಿತು. ಆ ವರ್ಷ ಅದು ನಮ್ಮ ಶೀಗಿ ಹುಣ್ಣಿವೆಯ ಚಂದ್ರನೇ. ದಸರೆ ಮುಗಿದು ದೀಪಾವಳಿಯ ಮಾಲಿಗೆ ಕೈ ಚಾಚುವ ಹೊತ್ತು ಅದು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ವರೆಗೆ ಜಪಾನಿನ ಸೂಟಿ, ಅಗಸ್ಟ ಮಧ್ಯದಲ್ಲಿ ಅವರ ಹಿರಿಯರ ಹಬ್ಬ. ಡಿಸೆಂಬರ ಕೊನೆಗೆ ಯುರೋಪು ಅಮೇರಿಕ. ಇವೆಲ್ಲ ನಮ್ಮ ಪೇಟೆಗೆ ಚೀನದಷ್ಟು ನಾಟುವದಿಲ್ಲ, ಹೋಗಲಿ.

ಒಬ್ಬ ಸಣ್ಣ ಅಂಗಡಿಕಾರ ಜನೇವರಿಯಲ್ಲಿ ಠೋಕ ವ್ಯಾಪಾರಿಗೆ ಇಪ್ಪತ್ತು ಸಾವಿರ ರೂಪಾಯಿ ಮುಂಗಡ ಕಟ್ಟಿದನೆನ್ನಿ. ಹದಿನೈದು ದಿನದಲ್ಲಿ ಮಾಲು ಎಂದರು. ಅದು ಎರಡು ತಿಂಗಳಾಯಿತು. ಆ ಇಪ್ಪತ್ತು ಸಾವಿರ ಅವನ ಹಣವಲ್ಲ, ಪಿಗ್ಮಿ ಕಟ್ಟಿ ಸಹಕಾರಿ ಸಂಘದಿಂದ ಎತ್ತಿದ ಸಾಲ. ಎರಡು ತಿಂಗಳ ಬಡ್ಡಿ ಅವನ ತಲೆಯ ಮೇಲೆ. ಮಾಲು ಬಂದಾಗ ದರ ಏರಿದೆ ಎಂದು ಹೇಳಿ ಠೋಕ ವ್ಯಾಪಾರಿ ಹೆಚ್ಚು ಕೇಳುತ್ತಾನೆ. ಹಡಗಿನ ಬಾಡಿಗೆ ಇಳಿದಾಗ ದರ ಇಳಿಯಿತೆಂದು ಯಾರಾದರೂ ಹಣ ಮರಳಿಸಿದ್ದನ್ನು ನಾವು ಕಂಡಿಲ್ಲ. 1980ರಲ್ಲಿ ನರಗುಂದದ ರೈತ ಕೇಳಿದ್ದೂ ಇಂಥದೇ ಪ್ರಶ್ನೆ. ಮಲಪ್ರಭೆಯ ನೀರು ಹೊಲಕ್ಕೆ ಬಾರದೆ ಇರುವಾಗ ಅಭಿವೃದ್ಧಿ ಕರ ಯಾಕೆ ಕೊಡಬೇಕು ಎಂದು ಕೇಳಿದ. ಜುಲೈ 21ರಂದು ಗೋಲಿಬಾರಿನ ಉತ್ತರ ಸಿಕ್ಕಿತು, ಆದರೆ ಪ್ರಶ್ನೆ ಸಾಯಲಿಲ್ಲ. ಬಾರದ ನೀರಿಗೆ ಕರ ಕೊಡಲೊಲ್ಲದ ಊರಿನ ವ್ಯಾಪಾರಿ ಬಾರದ ಮಾಲಿಗೆ ಬಡ್ಡಿ ಯಾಕೆ ಕೊಡಬೇಕು?

ಪರದೇಶದ ಗಡಿಯಾರಕ್ಕೆ ನಮ್ಮ ಸೀಮೆ ಓಡುವದು ಹೊಸದೂ ಅಲ್ಲ. 1861ರಲ್ಲಿ ಅಮೇರಿಕದಲ್ಲಿ ಒಳಯುದ್ಧ ಹತ್ತಿ ಅಲ್ಲಿಯ ಅರಳೆ ಲಂಕಾಶಾಯರದ ಗಿರಣಿಗಳಿಗೆ ಬರುವದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ಕುಸಿಯಿತು. ಏರಿದ ಬೆಲೆಯ ಭರವಸೆಯ ಮೇಲೆ ಸಾಲ ಮಾಡಿದವರು ಸಾಲದಲ್ಲಿಯೇ ಉಳಿದರು. ಯುದ್ಧ ಹತ್ತಿದ್ದೂ ಅವರಿಗೆ ಗೊತ್ತಿರಲಿಲ್ಲ, ಮುಗಿದದ್ದೂ ಗೊತ್ತಿರಲಿಲ್ಲ. ಮುಂಬಯಿಯ ಹತ್ತಿ ದಲಾಲಿಗೆ ಎರಡೂ ಗೊತ್ತಿದ್ದವು.

ಎಲೆಕ್ಟ್ರಾನಿಕ್ ಭಾಗಗಳ ಮಟ್ಟಿಗೆ ನಾವು ಹೀಗೆ ಪರಾಧೀನರಾಗಿಯೇ ಹುಟ್ಟಿದವರಲ್ಲ. ಬೆಂಗಳೂರಿನಲ್ಲಿ 1948ರಲ್ಲಿ ಐ.ಟಿ.ಐ., 1954ರಲ್ಲಿ ಭಾರತ ಎಲೆಕ್ಟ್ರಾನಿಕ್ಸ್ ಎಂಬ ಸರಕಾರಿ ಉದ್ಯಮಗಳು ನಿಂತವು. ಅರವತ್ತರ ದಶಕದಲ್ಲಿ ರೇಡಿಯೋದ ವಾಲ್ವು, ಟ್ರಾನ್ಸಿಸ್ಟರುಗಳು ಜಾಲಹಳ್ಳಿಯಲ್ಲಿಯೇ ತಯಾರಾಗುತ್ತಿದ್ದವು. 1997ರಲ್ಲಿ ನಮ್ಮ ದೇಶ ಮಾಹಿತಿ ತಂತ್ರಜ್ಞಾನದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿತು, 2005ರ ಹೊತ್ತಿಗೆ ಅದರ ಪಟ್ಟಿಯ ಮಾಲುಗಳ ಮೇಲಿನ ಆಮದು ಸುಂಕ ಸೊನ್ನೆಗೆ ಇಳಿಯಿತು. ಇಲ್ಲಿಯ ಸಣ್ಣ ಭಾಗ ತಯಾರಿಸುವವರು ಒಬ್ಬೊಬ್ಬರಾಗಿ ಬಾಗಿಲು ಹಾಕಿದರು, ಜೋಡಿಸುವ ಕೆಲಸವಷ್ಟೇ ಉಳಿಯಿತು. ಈಗ ಮತ್ತೆ ಭಾಗಗಳನ್ನು ಇಲ್ಲಿಯೇ ಮಾಡಿಸಬೇಕೆಂದು 2025ರ ಮಾರ್ಚಿನಲ್ಲಿ ಕೇಂದ್ರ ಸಂಪುಟ 22,919 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಮ್ಮ ನೆರೆಯಲ್ಲಿಯೇ, ಧಾರವಾಡದ ಹತ್ತಿರದ ಕೋಟೂರು–ಬೇಲೂರು ಕೈಗಾರಿಕಾ ಪ್ರದೇಶದಲ್ಲಿ, 180 ಕೋಟಿ ರೂಪಾಯಿಯ ಎಲೆಕ್ಟ್ರಾನಿಕ್ ಕಾರಖಾನೆಗಳ ಸಮೂಹಕ್ಕೆ 2023ರ ಮಾರ್ಚಿನಲ್ಲಿ ಮಂಜೂರಾತಿ ಸಿಕ್ಕಿತು. 18,000 ಜನಕ್ಕೆ ಕೆಲಸ ಎಂದು ಆಗ ಸಾರಿದರು.

ಭಾಗಗಳು ಇಲ್ಲಿಯೇ ತಯಾರಾಗಲಿ, ನಮ್ಮ ವಿರೋಧವಿಲ್ಲ, ನಾವು ಅದನ್ನು ಮೊದಲಿನಿಂದಲೂ ಕೇಳುತ್ತ ಬಂದವರು. ಆದರೆ ಒಂದು ಮಾತು. ಚೀನದ ಸೂಟಿಯ ಕಾಟ ತಪ್ಪಿಸಲೆಂದು ಕಾರಖಾನೆಯನ್ನು ಧಾರವಾಡಕ್ಕೆ ತಂದರೆ, ಅಲ್ಲಿ ದುಡಿಯುವವರು ನಮ್ಮ ರೋಣ ನರಗುಂದ ಗಜೇಂದ್ರಗಡದ ಮಕ್ಕಳು. ಅವರಿಗೂ ಹಬ್ಬಗಳಿವೆ. ನಾಗರ ಪಂಚಮಿಗೆ ತವರಿಗೆ ಬರಬೇಕೆನ್ನುವ ಹೆಣ್ಣುಮಗಳು ಜೋಕಾಲಿಗೂ ಉಂಡಿಗೂ ಆಸೆಪಟ್ಟು ಬರುವದಲ್ಲ, ವರ್ಷದಲ್ಲಿ ಒಮ್ಮೆ ಮನುಷ್ಯಳಾಗಿ ಮನೆಯಲ್ಲಿ ಕೂಡಲು ಬರುತ್ತಾಳೆ. ಬೆಂಗಳೂರಿನ ಕಾರಖಾನೆಯಲ್ಲಿ ಅವಳು ಪಂಚಮಿಗೆ ನಾಲ್ಕು ದಿನ ಸೂಟಿ ಕೇಳಿದರೆ ಉತ್ಪಾದನೆ ನಿಲ್ಲುತ್ತದೆ, ಗಿರಾಕಿಗೆ ಏನು ಹೇಳೋಣ ಎನ್ನುತ್ತಾರೆ. ಚೀನದ ಹುಡುಗಿ ಊರಿಗೆ ಹೋಗುವಾಗ ಅದೇ ಗಿರಾಕಿಗೆ ಆರು ತಿಂಗಳು ಮೊದಲೇ ಹೇಳಿ, ದಾಸ್ತಾನು ಮಾಡಿಸಿ, ಹಡಗು ಹಿಡಿದು ಎಲ್ಲ ಸರಿದೂಗಿಸುತ್ತಾರಷ್ಟೆ? ಕಾಮಗಾರರ ಹಬ್ಬವನ್ನು ಲೆಕ್ಕಕ್ಕೆ ಹಿಡಿದು ಉದ್ಯೋಗ ನಡೆಸಲು ಬರುತ್ತದೆಂದು ಇವರೇ ಪ್ರತಿ ವರ್ಷ ಸಿದ್ಧಮಾಡಿ ತೋರಿಸುತ್ತಿದ್ದಾರೆ. ಬೇರೆ ಸಾಕ್ಷಿ ಯಾಕೆ ಬೇಕು?

ಆದ್ದರಿಂದ ನಾವು ಕೇಳುವದು ದೊಡ್ಡದೇನಲ್ಲ. ಕಂಪನಿ ಮಾಲು ಕೊಡುವವನಿಂದ ಪಡೆದ ಆ ಮೂರು ತಾರೀಖುಗಳನ್ನು ಕಾರಖಾನೆಯ ನೋಟೀಸು ಹಲಗೆಗೆ ಕನ್ನಡದಲ್ಲಿ ಹಚ್ಚಲಿ. ಕೆಲಸ ಕಡಿಮೆಯಾಗುವ ದಿನಗಳು ಮೊದಲೇ ಗೊತ್ತಿದ್ದಾಗ ಅದನ್ನು ಆಕಸ್ಮಿಕವೆಂದು ಹೇಳಿ ಕೈ ತೊಳೆದುಕೊಳ್ಳಲು ಬರುವದಿಲ್ಲ. ಆ ದಿನಗಳಿಗೆ ಅರ್ಧ ಪಗಾರವನ್ನು ಗುತ್ತಿಗೆಯವರಿಗೂ ಬದಲಿಯವರಿಗೂ ಕೊಡುವಂತೆ ರಾಜ್ಯ ಸರಕಾರ ನಿಯಮ ಮಾಡಲಿ, ಸಂಹಿತೆಯಲ್ಲಿ ಎಡೆ ಇಲ್ಲದಿದ್ದರೆ ಎಡೆ ಮಾಡಲಿ. ಸಮೂಹಕ್ಕೆ ಸರಕಾರದ ಜಮೀನು, ಸರಕಾರದ ಹಣ ಪಡೆಯುವ ಕಂಪನಿಗೆ ಈ ಕರಾರನ್ನು ಮೊದಲ ದಿನವೇ ಹಾಕಬಹುದು. ಧಾರವಾಡದಲ್ಲಿ ಅದಕ್ಕೆ ಈಗಲೇ ಕಾಲ. ದುಡಿಸಿದ ಹೆಚ್ಚಿನ ತಾಸಿಗೆ ಎರಡು ಪಟ್ಟು ಮಜೂರಿ ಕಾಯಿದೆಯಲ್ಲಿಯೇ ಇದೆ, ಅದನ್ನು ಬೇಡುವದಲ್ಲ, ಲೆಕ್ಕ ಹಾಕಿ ಪಡೆಯುವದು.

ವ್ಯಾಪಾರಿ ಬಾಂಧವರಿಗೆ ಬೇರೆ ಮಾತು. ಒಬ್ಬೊಬ್ಬರೇ ಹುಬ್ಬಳ್ಳಿಗೆ ಹೋಗಿ ಕೈ ಕಟ್ಟಿ ನಿಂತರೆ "ಮ್ಯಾಲೆ ಬಂದ್ ಐತಿ" ಎಂಬ ಉತ್ತರವೇ ಗತಿ. ರೋಣದ ಹತ್ತು ಅಂಗಡಿ, ನರಗುಂದದ ಹತ್ತು, ಗಜೇಂದ್ರಗಡದ ಹತ್ತು ಕೂಡಿದರೆ ಠೋಕ ವ್ಯಾಪಾರಿ ಕುರ್ಚಿ ಹಾಕುತ್ತಾನೆ. ಕೂಡಿ ಆರ್ಡರು ಕೊಡಿರಿ, ಮಾಲು ಕೊಡುವ ತಾರೀಖನ್ನು ಬರೆಯಿಸಿಕೊಳ್ಳಿರಿ, ಆ ತಾರೀಖು ಮೀರಿದರೆ ಮುಂಗಡಕ್ಕೆ ಬಡ್ಡಿ ಅವನದೆಂದು ಕರಾರು ಮಾಡಿರಿ. ಫೆಬ್ರುವರಿ ಕೊನೆಯಲ್ಲಿ ತಯಾರಾಗಿ ಏಪ್ರಿಲ್ ಹೊತ್ತಿಗೆ ಪೇಟೆಗೆ ಬರುವ ಮಾಲನ್ನು ತುಸು ಹೆಚ್ಚು ಪರೀಕ್ಷೆ ಮಾಡಿ ತಗೊಳ್ಳಿರಿ, ಅದು ಹೊಸ ಕೈಗಳ ಮಾಲು. ಅಡತಿ ಅಂಗಡಿಯ ಲೆಕ್ಕ ಬಲ್ಲವರಿಗೆ ಇದೆಲ್ಲ ಕಷ್ಟದ್ದಲ್ಲ. ನಾಲ್ಕು ಊರಿನವರು ಒಂದು ಮೇಜಿನ ಸುತ್ತ ಕೂಡುವದೇ ಕಷ್ಟ ಎಂಬುದನ್ನು ಅನುಭವದಿಂದ ಬಲ್ಲೆವು.

2027ರಲ್ಲಿ ಚೀನದ ಹೊಸ ವರ್ಷ ಫೆಬ್ರುವರಿ 6ಕ್ಕೆ ಇದೆ, ಬನದ ಹುಣ್ಣಿವೆಯಾದ ಹದಿನೈದನೆಯ ದಿನಕ್ಕೆ. ಅಲ್ಲಿಂದ ಹಿಂದೆ ಎಣಿಸಿದರೆ, ಕಡಲೆಯ ರೊಕ್ಕ ಬಂದಾಗ ಮಾರಬೇಕಾದ ಮಾಲಿನ ಮಾತು 2026ರ ದೀಪಾವಳಿಯಲ್ಲಿಯೇ, ನವೆಂಬರದಲ್ಲಿ, ಮುಗಿದಿರಬೇಕು. ಪಾಡ್ಯದ ದಿನ ಹೊಸ ಕೀರ್ದಿಗೆ ಕುಂಕುಮ ಹಚ್ಚಿ ಮೊದಲ ಪುಟದಲ್ಲಿ ಶ್ರೀಕಾರ ಬರೆಯುವಾಗ, ಅದರ ಕೆಳಗೆ ಈ ತಾರೀಖನ್ನೂ ಬರೆದುಕೊಳ್ಳಿರಿ. ಬೆಂಗಳೂರಿನಲ್ಲಿ ದುಡಿಯುವ ಮಗಳೋ ತಂಗಿಯೋ ಇದ್ದರೆ ಅವಳಿಗೂ ಫೋನು ಮಾಡಿ ಹೇಳಿರಿ.